ಆರೋಗ್ಯದ ಊಟ ಮತ್ತು ನನ್ನ ಖರ್ಚಿನ ಪುಸ್ತಕ

(ಮಹಿಳಾ ವಿಭಾಗದ ಕೂಟದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ 'ಆರೋಗ್ಯಕರ ಆಹಾರ ಮತ್ತು ಮನೆಯ ಖರ್ಚು'. ನಾನು ಡಾಕ್ಟರೂ ಅಲ್ಲ, ಡಯಟೀಶಿಯನ್ನೂ ಅಲ್ಲ. ನನ್ನ ಹತ್ತಿರ ಇರುವುದು ಒಂದು ಡೈರಿ. ಮದುವೆಯಾಗಿ ವಡಾಲಕ್ಕೆ ಬಂದ ವರ್ಷದಿಂದ, ಅಂದರೆ 22 ವರ್ಷದಿಂದ, ದಿನದ ಖರ್ಚು ಬರೆಯುವ ಅಭ್ಯಾಸ ನನಗೆ. ಮನೆಯವರು ತಮಾಷೆ ಮಾಡುತ್ತಾರೆ, ಕೊತ್ತಂಬರಿ ಸೊಪ್ಪಿನ ಐದು ರೂಪಾಯಿಯನ್ನೂ ಬಿಡುವುದಿಲ್ಲ ಎಂದು. ಕಾರ್ಯದರ್ಶಿಯವರಿಗೆ ಈ ಡೈರಿಯ ವಿಷಯ ಗೊತ್ತಿದ್ದದ್ದರಿಂದಲೇ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಆದ್ದರಿಂದ ಉಪದೇಶ ಬೇಡ, ಡೈರಿಯನ್ನೇ ಓದುತ್ತೇನೆ.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು ಉಡುಪಿ ಕಡೆಯವಳು. ಮನೆಯವರು ವಿಜಯಪುರ ಕಡೆಯವರು. ನಮ್ಮಿಬ್ಬರನ್ನು ಸೇರಿಸಿದ್ದು ಈ ಮುಂಬಯಿ. ಮಗ ಕಾಲೇಜಿನಲ್ಲಿ ಇದ್ದಾನೆ. ಅತ್ತೆಯವರಿಗೆ 74 ವರ್ಷ. ತವರಿನಲ್ಲಿ ನನ್ನದು ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಬಸಳೆ, ಹರಿವೆ. ಅತ್ತೆಯವರದು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ಇಬ್ಬರೂ ವಡಾಲಕ್ಕೆ ಬಂದು ಒಂದೇ ಊಟಕ್ಕೆ ಒಗ್ಗಿಕೊಂಡಿದ್ದೆವು: ಬೆಳ್ಳಗಿನ ಅನ್ನ, ಗೋಧಿ ಚಪಾತಿ, ಬಟಾಟೆ ಭಾಜಿ. ಬೆಳಿಗ್ಗೆ ಹೊತ್ತಾದರೆ ಬ್ರೆಡ್ಡು, ಪಾವು. ಹಾರ್ಬರ್ ಲೈನಿನ ಗಾಡಿ ಹಿಡಿಯುವವರ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೂರುವವರು ಯಾರು?

ಕಳೆದ ವರ್ಷ ಜುಲೈಯಲ್ಲಿ ಮನೆಯವರ ಆಫೀಸಿನ ತಪಾಸಣೆ ಆಯಿತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.2 ಬಂತು. ನನಗೆ ಕಾಲು ನಡುಗಿತು. ಆಮೇಲೆ ಓದಿದಾಗ ತಿಳಿಯಿತು, 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಅಷ್ಟು ಜನ ಜೊತೆಗಿದ್ದಾರೆ ಎಂದು ಸಮಾಧಾನ ಏನೂ ಆಗಲಿಲ್ಲ ಬಿಡಿ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಅನ್ನ ಕಡಿಮೆ ಮಾಡಿ, ತರಕಾರಿ ಕಾಳು ಹೆಚ್ಚು ಮಾಡಿ, ದಿನಾ ನಡೆಯಿರಿ ಎಂದರು. ಅಷ್ಟೇ ಹೇಳಿದ್ದು. ದುಬಾರಿ ವಸ್ತು ಒಂದನ್ನೂ ಅವರು ಹೇಳಲಿಲ್ಲ.

ಹೇಳಿದ್ದು ವಾಟ್ಸಾಪ್. ನಾದಿನಿ, ಓರಗಿತ್ತಿ, ಬಿಲ್ಡಿಂಗಿನ ಗೆಳತಿಯರು, ಎಲ್ಲರೂ ಒಂದೊಂದು ಕಳಿಸಿದರು. ಆ ಶನಿವಾರ ನಾನು ಮಾಲ್‌ಗೆ ಹೋಗಿ ತಂದದ್ದು ಡೈರಿಯಲ್ಲಿದೆ: ಕ್ವಿನೋವಾ, ಓಟ್ಸ್, ಆಲಿವ್ ಎಣ್ಣೆ, ಬಾದಾಮಿ ಒಂದು ಕಿಲೋ, ಚಿಯಾ ಬೀಜ, ಸಕ್ಕರೆ ಕಾಯಿಲೆಯವರಿಗೆಂದೇ ಮಾಡಿದ್ದು ಎಂದು ಬರೆದ ಹಿಟ್ಟು, ಕಂದು ಬಣ್ಣದ ಬ್ರೆಡ್ಡು, ಸಕ್ಕರೆ ಇಲ್ಲದ ಬಿಸ್ಕಿಟು. ಜೂನ್ ತಿಂಗಳಲ್ಲಿ ನಮ್ಮ ಅಡುಗೆಮನೆ ಖರ್ಚು, ಅಂದರೆ ಕಿರಾಣಿ, ತರಕಾರಿ, ಹಾಲು, ಮೀನು-ಮೊಟ್ಟೆ ಎಲ್ಲ ಸೇರಿ 11,900 ರೂ. ಜುಲೈಯಲ್ಲಿ ಅದು 17,600 ರೂ. ಡೈರಿಯ ಆ ಪುಟದ ಕೆಳಗೆ ನಾನೇ ಬರೆದುಕೊಂಡಿದ್ದೇನೆ, 'ಆರೋಗ್ಯ ಶ್ರೀಮಂತರಿಗೆ' ಎಂದು.

ಆ ಕ್ವಿನೋವಾ ಏನಾಯಿತು ಎಂದರೆ, ಮೊದಲ ದಿನ ಉಪ್ಪಿಟ್ಟು ಮಾಡಿದೆ. ಅತ್ತೆಯವರು ಒಂದು ತುತ್ತು ಬಾಯಿಗಿಟ್ಟು, "ಇದೇನವ್ವಾ, ಹಕ್ಕಿಗೆ ಹಾಕೋ ಕಾಳೇನು?" ಎಂದರು. ಮಗ ತಟ್ಟೆ ಸರಿಸಿದ. ಮನೆಯವರು ಪಾಪ, ಔಷಧಿ ಕುಡಿದ ಹಾಗೆ ತಿಂದರು. ಉಳಿದದ್ದು ಡಬ್ಬಿಯಲ್ಲಿ ಮೂರು ತಿಂಗಳು ಕೂತಿತ್ತು.

ಆ ರಾತ್ರಿ ಅತ್ತೆಯವರು ಹೇಳಿದ ಮಾತು ನಾನು ಮರೆಯುವುದಿಲ್ಲ. "ನಮ್ಮೂರಾಗ ಅನ್ನ ಅಂದ್ರ ಹಬ್ಬದ ದಿನ. ಇಲ್ಲಿ ಬಂದು ದಿನಾ ಹಬ್ಬ ಮಾಡಾಕತ್ತೀವಿ, ಅದಕ್ಕ ಸಕ್ಕರಿ ಬಂದೈತಿ. ಜ್ವಾಳದ ಹಿಟ್ಟು ತರ್ಸು, ನಾ ತೋರಿಸ್ತೀನಿ." ಜೋಳ ಬಡವರ ಊಟ, ಮುಂಬಯಿಗೆ ಬಂದಮೇಲೆ ಅನ್ನ ಉಂಡರೇ ಮರ್ಯಾದೆ ಎಂದು ಅದನ್ನು ಬಿಟ್ಟವರೂ ಅವರೇ. ಅದನ್ನೂ ಅವರೇ ಒಪ್ಪಿಕೊಂಡರು.

ಮರುದಿನ ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲೇ ಜೋಳ ಸಿಕ್ಕಿತು, ಕಿಲೋಗೆ 55 ರೂ. ರಾಗಿ 50. ನಾವು ತರುತ್ತಿದ್ದ ಕೋಲಂ ಅಕ್ಕಿ 68. ಅಂದರೆ ಜೋಳ, ರಾಗಿ ಅಕ್ಕಿಗಿಂತ ಅಗ್ಗ. ನವಣೆ, ಸಾಮೆ ಮಾತ್ರ ಚಂದದ ಪ್ಯಾಕೆಟ್ಟಿನಲ್ಲಿ 120-130ಕ್ಕೆ ಕಡಿಮೆ ಇಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಕರೆದ ಮೇಲೆ ಅಂಗಡಿಯವರಿಗೂ ಇವುಗಳ ಬೆಲೆ ತಿಳಿಯಿತು ಅನ್ನಿಸುತ್ತದೆ. ನಾನು ನವಣೆಯನ್ನು ವಾರಕ್ಕೊಂದು ದಿನ ಇಟ್ಟುಕೊಂಡೆ, ಜೋಳ-ರಾಗಿಯನ್ನು ದಿನಕ್ಕೆ. ಒಂದು ಮಾತು ಸೇರಿಸುತ್ತೇನೆ. ರಾಗಿಯಾದರೂ ಜೋಳವಾದರೂ ಅದೂ ಪಿಷ್ಟವೇ. ಎರಡು ದೊಡ್ಡ ಮುದ್ದೆ ನುಂಗಿ ಸಿರಿಧಾನ್ಯ ತಿಂದೆ ಎಂದುಕೊಂಡರೆ ಮೀಟರು ಸುಮ್ಮನಿರುವುದಿಲ್ಲ. ನಾವು ನೋಡಿದ್ದೇವೆ.

ಇನ್ನೊಂದು ಲೆಕ್ಕ ಆಗಸ್ಟಿನಲ್ಲಿ ಬೆಳಕಿಗೆ ಬಂತು. ಹೊರಗೆ ತಿನ್ನುವುದು ನನ್ನ ಡೈರಿಗೆ ಬರುತ್ತಲೇ ಇರಲಿಲ್ಲ, ಏಕೆಂದರೆ ಅದು ನನ್ನ ಕೈಯಿಂದ ಹೋಗುತ್ತಿರಲಿಲ್ಲ. ಒಂದು ಭಾನುವಾರ ಮೂವರ ಮೊಬೈಲನ್ನೂ ಮುಂದಿಟ್ಟುಕೊಂಡು ಕುಳಿತೆವು. ಈಗ ಎಲ್ಲ ಸ್ಕ್ಯಾನ್ ಮಾಡಿ ಕೊಡುವುದಲ್ಲವೇ, ದಾಖಲೆ ಅದರಲ್ಲೇ ಇರುತ್ತದೆ. ಜೂನ್ ತಿಂಗಳಲ್ಲಿ ಸ್ಟೇಷನ್ನಿನ ವಡಾಪಾವ್, ಆಫೀಸಿನ ಕ್ಯಾಂಟೀನ್, ಮಗನ ಫ್ರ್ಯಾಂಕಿ, ರಾತ್ರಿ ಆ್ಯಪಿನಲ್ಲಿ ತರಿಸಿದ ಬಿರಿಯಾನಿ, ನಾನು ತರುತ್ತಿದ್ದ ಫರಸಾಣ, ಕೋಲ್ಡ್ ಡ್ರಿಂಕ್, ಎಲ್ಲ ಕೂಡಿಸಿದರೆ 6,300 ರೂ. ನನಗೇ ನಂಬಿಕೆ ಬರಲಿಲ್ಲ. ಅದರಲ್ಲಿ ನನ್ನದೂ ಪಾಲಿತ್ತು, ಮರೆಮಾಚುವುದಿಲ್ಲ.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ. ಕೇಂದ್ರ ಸರಕಾರ 2023-24ರಲ್ಲಿ ಮಾಡಿದ ಮನೆಖರ್ಚಿನ ಸಮೀಕ್ಷೆಯಲ್ಲಿ, ನಗರದವರು ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು 40 ಆಹಾರಕ್ಕೆ ಹೋಗುತ್ತದೆ. ಅದರಲ್ಲಿ ಸುಮಾರು 11 ರೂಪಾಯಿ ಪಾನೀಯ, ಹೊರಗಿನ ತಿಂಡಿ, ಸಿದ್ಧ ಆಹಾರಗಳಿಗೇ. ಹಾಲಿಗಾಗಲಿ, ತರಕಾರಿಗಾಗಲಿ, ಧಾನ್ಯಕ್ಕಾಗಲಿ ಅಷ್ಟು ಹೋಗುವುದಿಲ್ಲ.

ಹಾಗಾದರೆ ಜೂನ್ ತಿಂಗಳ ನಿಜವಾದ ಆಹಾರ ಖರ್ಚು 11,900 ಅಲ್ಲ, 18,200. 'ಆರೋಗ್ಯ ಶ್ರೀಮಂತರಿಗೆ' ಎಂದು ಬರೆದದ್ದಕ್ಕೆ ಒಂದು ಗೀಟು ಎಳೆದೆ.

ಆಮೇಲೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯನ್ನು ಮಗ ತೆಗೆದುಕೊಟ್ಟ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅವರು ಹೇಳಿದ್ದು: ಧಾನ್ಯ 250 ಗ್ರಾಂ, ಬೇಳೆ-ಕಾಳು 85 ಗ್ರಾಂ, ಸೊಪ್ಪು-ತರಕಾರಿ-ಗೆಡ್ಡೆ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಬೀಜಗಳು 35 ಗ್ರಾಂ, ಹಾಲು 300 ಮಿಲಿ, ಎಣ್ಣೆ 27 ಗ್ರಾಂ. ಬೇಳೆಯ ಒಂದು ಪಾಲನ್ನು ಮೊಟ್ಟೆ, ಮೀನಿಗೆ ಬದಲಾಯಿಸಿಕೊಳ್ಳಬಹುದು. ನಾನು ಇದನ್ನು ನಾಲ್ಕು ಜನಕ್ಕೆ, ಮೂವತ್ತು ದಿನಕ್ಕೆ ಗುಣಿಸಿದೆ. ಎಣ್ಣೆ ತಿಂಗಳಿಗೆ ಸುಮಾರು ಮೂರೂವರೆ ಲೀಟರು. ನಾವು ಐದು ದಾಟಿಸುತ್ತಿದ್ದೆವು. ಅಲ್ಲಿ ಉಳಿಯಿತು. ಕಾಳು-ಬೇಳೆ 10 ಕಿಲೋ, ನಮ್ಮಲ್ಲಿ ಐದೂ ಆಗುತ್ತಿರಲಿಲ್ಲ. ತರಕಾರಿ 48 ಕಿಲೋ! ಇದನ್ನು ನೋಡಿ ತಲೆ ತಿರುಗಿತು. 48 ಕಿಲೋ ತರಕಾರಿ ಮುಂಬಯಿಯ ಮನೆಯೊಳಗೆ ಎಲ್ಲಿ ಇಡುವುದು, ಯಾರು ಹೊರುವುದು?

ಖರ್ಚು ನಿಜವಾಗಿ ಏರುವುದು ಇಲ್ಲೇ, ತರಕಾರಿ ಮತ್ತು ಹಣ್ಣಿನಲ್ಲಿ. ಅದನ್ನು ಇಳಿಸಲು ನಾನು ಮಾಡಿದ್ದು ಎರಡು. ಬಿಲ್ಡಿಂಗಿನ ಕೆಳಗೆ ಗಾಡಿಯವನ ಹತ್ತಿರ ದಿನಾ ಕಾಲು ಕಿಲೋ ಕೊಳ್ಳುವುದನ್ನು ನಿಲ್ಲಿಸಿ, ವಾರಕ್ಕೊಮ್ಮೆ ಬೆಳಿಗ್ಗೆ ಬೇಗ ದಾದರ್ ಮಾರ್ಕೆಟ್. ನಮ್ಮ ಕಡೆಯ ಬಸಳೆ, ಸೌತೆ, ಸುವರ್ಣಗೆಡ್ಡೆ ಬೇಕಾದರೆ ತಿಂಗಳಿಗೆ ಎರಡು ಸಲ ಮಾಟುಂಗಾ. ಮಾಟುಂಗಾದಲ್ಲಿ ಬೆಲೆ ಜಾಸ್ತಿ, ಆದರೆ ಬಸಳೆ ನೋಡಿದರೆ ನನಗೆ ಲೆಕ್ಕ ಮರೆಯುತ್ತದೆ. ಎರಡನೆಯದು, ಋತುವಿನ ಹಣ್ಣು. ಪೇರಳೆ, ಪಪ್ಪಾಯಿ, ಬಾಳೆಹಣ್ಣು. ಸೇಬಿಗೆ 200 ಕೊಡುವ ಜಾಗದಲ್ಲಿ ಪೇರಳೆಗೆ 80.

ಬಾದಾಮಿಯ ಲೆಕ್ಕ ಕೇಳಿ. ಮಾರ್ಗಸೂಚಿಯ ಪ್ರಕಾರ ನಾಲ್ಕು ಜನಕ್ಕೆ ತಿಂಗಳಿಗೆ 4 ಕಿಲೋ ಚಿಲ್ಲರೆ ಬೀಜ ಬೇಕು. ಎಲ್ಲ ಬಾದಾಮಿಯೇ ಆದರೆ ಮೂರೂವರೆ ಸಾವಿರದ ಮೇಲೆ. ಶೇಂಗಾ ಆದರೆ ಆರುನೂರರ ಒಳಗೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು, ಬಾದಾಮಿಯಲ್ಲಿ ಸುಮಾರು 21. ಅತ್ತೆಯವರ ಹಿಂಡಿಯೇ ಗೆದ್ದಿತು. ಅದಕ್ಕೆ ಸ್ವಲ್ಪ ಅಗಸೆ, ಸ್ವಲ್ಪ ಎಳ್ಳು ಸೇರಿಸಿದೆವು.

ತೆಂಗಿನಕಾಯಿಯ ಬಗ್ಗೆ ಈ ವರ್ಷ ಮಾತಾಡುವುದೇ ಬೇಡ. ಬೆಲೆ ನಿಮಗೇ ಗೊತ್ತು.

ಹೀಗೆ ಜನವರಿ ಹೊತ್ತಿಗೆ ಅಡುಗೆಮನೆ ಖರ್ಚು 13,400ಕ್ಕೆ ನಿಂತಿತು. ಅಂದರೆ ಮೊದಲಿಗಿಂತ 1,500 ಹೆಚ್ಚು. ಹೊರಗಿನದು 1,900ಕ್ಕೆ ಇಳಿಯಿತು. ಒಟ್ಟು 15,300. ಜೂನಿನ 18,200ಕ್ಕೆ ಹೋಲಿಸಿದರೆ 2,900 ರೂ. ಉಳಿತಾಯ. ಮನೆಯವರ ಎಚ್‌ಬಿಎ1ಸಿ 7.1ಕ್ಕೆ ಬಂತು. ಮಾತ್ರೆ ನಿಲ್ಲಿಸಿಲ್ಲ, ಅದನ್ನು ಡಾಕ್ಟರೇ ಹೇಳಬೇಕು. ನಾನು ಡೈರಿಯಲ್ಲಿ 'ಉಳಿತಾಯ 2,900' ಎಂದು ಬರೆದು ಸುತ್ತಲೂ ಚೌಕ ಹಾಕಿದೆ. ಬಿಲ್ಡಿಂಗಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಜನವರಿ 26ರಂದು ನಮ್ಮ ಹತ್ತಿರ ಒಂದು ರಕ್ತದಾನ ಶಿಬಿರ ಇತ್ತು. ಉತ್ಸಾಹದಿಂದ ನಾನೂ ಹೋದೆ. ಬೆರಳು ಚುಚ್ಚಿ ನೋಡಿದ ಹುಡುಗಿ, "ಆಂಟಿ, ನಿಮ್ಮಿಂದ ತೆಗೆದುಕೊಳ್ಳಲು ಆಗುವುದಿಲ್ಲ, ನಿಮಗೇ ಕೊಡಬೇಕಾಗುತ್ತದೆ" ಎಂದಳು. ರಕ್ತ ಕೊಡಲು ಹಿಮೋಗ್ಲೋಬಿನ್ 12.5 ಆದರೂ ಇರಬೇಕು. ನನ್ನದು 9.1.

ಎಲ್ಲರಿಗಾಗಿ ಆರೋಗ್ಯದ ಅಡುಗೆ ಮಾಡುವವಳಿಗೆ ರಕ್ತವೇ ಇಲ್ಲ! ನಾಚಿಕೆಯಾಯಿತು. ಮನೆಗೆ ಬಂದು ಡೈರಿ ತೆಗೆದು ಆರು ತಿಂಗಳ ಪುಟ ತಿರುವಿದೆ. ಅದರಲ್ಲಿ ಉತ್ತರ ಇತ್ತು. ಪೇರಳೆ ತಂದಿದ್ದರೆ ದಿನಕ್ಕೆ ಮೂರರ ಲೆಕ್ಕ. ಮೊಟ್ಟೆ ಮೂರು. ಮೊದಲು ತಂದ ಬಾದಾಮಿ ಮನೆಯವರಿಗೂ ಮಗನಿಗೂ ಅತ್ತೆಯವರಿಗೂ ಎಣಿಸಿ ಇಟ್ಟವಳು ನಾನೇ. ನಾಲ್ಕನೆಯ ಪಾಲು ನಾನು ಕೊಂಡೇ ಇರಲಿಲ್ಲ. ರೊಟ್ಟಿ ಮೂವರಿಗೆ ಬಿಸಿಬಿಸಿ ಬಡಿದು ಕೊಟ್ಟು, ಕೊನೆಗೆ ಕುಳಿತಾಗ ನಿನ್ನೆಯ ಅನ್ನ ಉಳಿದಿರುತ್ತಿತ್ತು. ಚೆಲ್ಲಲು ಮನಸ್ಸು ಬಾರದೆ ಅದನ್ನೇ ಉಂಡು ಏಳುತ್ತಿದ್ದೆ. ಮೇಲೆ ಒಂದು ಲೋಟ ಚಹಾ. ಊಟದ ಜೊತೆಗೇ ಚಹಾ ಕುಡಿದರೆ ತಿಂದದ್ದರ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಯಾರೂ ನನಗೆ ತಿನ್ನಬೇಡ ಎಂದಿರಲಿಲ್ಲ. ತಿಂದೆಯಾ ಎಂದು ಯಾರೂ ಕೇಳಿರಲೂ ಇಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಈ ಹಾಲಿನಲ್ಲಿ ಎಷ್ಟು ಜನ ಇದ್ದೀರಿ, ನೀವೇ ಲೆಕ್ಕ ಹಾಕಿ.

ಆಗಲೇ ಇನ್ನೊಂದು ಲೆಕ್ಕವನ್ನೂ ಮಾಡಿದೆ. ನಮಗೆ ದಿನಕ್ಕೆ ಎಂಟು ರೊಟ್ಟಿ ಬೇಕು. ನೀರು ಕುದಿಸಿ, ಹಿಟ್ಟು ನಾದಿ, ಬಡಿದು, ಸುಟ್ಟು, ಕಟ್ಟೆ ಒರೆಸುವಷ್ಟರಲ್ಲಿ ಮುಕ್ಕಾಲು ಗಂಟೆ. ಕರಾವಳಿಯವಳಿಗೆ ರೊಟ್ಟಿ ಬಡಿಯುವುದು ಹುಟ್ಟಿನಿಂದ ಬಂದದ್ದಲ್ಲ, ಮೊದಲ ಎರಡು ತಿಂಗಳು ನನ್ನ ರೊಟ್ಟಿ ಭಾರತದ ನಕ್ಷೆಯ ಹಾಗಿತ್ತು. ಸೊಪ್ಪು ಬಿಡಿಸಿ ತೊಳೆಯಲು, ಕಾಳು ನೆನೆಸಿ ಕಟ್ಟಲು ಇನ್ನೊಂದು ಅರ್ಧ ಗಂಟೆ. ಬ್ರೆಡ್ಡಿಗೆ, ಆ್ಯಪಿನ ಬಿರಿಯಾನಿಗೆ ಇದು ಯಾವುದೂ ಬೇಡ. ನಮ್ಮ ಪಕ್ಕದ ಗಲ್ಲಿಯಲ್ಲಿ ಕಲಬುರಗಿ ಕಡೆಯ ಒಬ್ಬ ಅಕ್ಕ ರೊಟ್ಟಿ ಮಾಡಿ ಮಾರುತ್ತಾರೆ, ಒಂದಕ್ಕೆ 15 ರೂ. ದಿನಕ್ಕೆ ಎಂಟರಂತೆ ತಿಂಗಳಿಗೆ 3,600 ರೂ.

ನಾನು ಚೌಕ ಹಾಕಿದ ಉಳಿತಾಯ 2,900. ಅದು ಉಳಿತಾಯ ಅಲ್ಲ ಮಾರಾಯ್ರೆ, ನನ್ನ ರೊಟ್ಟಿಯ ಕೂಲಿ! ಅದೂ ಪೂರ್ತಿ ಸಿಕ್ಕಿಲ್ಲ.

ಈ ಊರಿನಲ್ಲಿ ಇದು ಹೊಸ ವಿಷಯವೂ ಅಲ್ಲ. ಇಲ್ಲಿಂದ ಸ್ವಲ್ಪ ದೂರದ ಗಿರಣಗಾಂವ್‌ನಲ್ಲಿ, ಪರೇಲ್, ಲಾಲ್‌ಬಾಗ್ ಕಡೆ, ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಗಿರಣಿ ಕಾರ್ಮಿಕರಿಗೆ ಹೆಂಗಸರು ತಮ್ಮ ಖೋಲಿಯಲ್ಲೇ ಖಾನಾವಳಿ ನಡೆಸುತ್ತಿದ್ದರು. ದಿನವಿಡೀ ಒಲೆಯ ಮುಂದೆ ಇದ್ದರೂ ಸಾಲದಲ್ಲೇ ಇರುತ್ತಿದ್ದರು. ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಅವರಿಗೆ ಬ್ಯಾಂಕಿನ ಸಾಲ ಕೊಡಿಸಿದರು. ಇವರು ಮಾಡುವುದು ದುಡಿಮೆ ಎಂದು ಬ್ಯಾಂಕು ಆಗ ಒಪ್ಪಿತು. ಅದೇ ಕೆಲಸ ಸ್ವಂತ ಮನೆಯಲ್ಲಿ ಮಾಡಿದರೆ ಡೈರಿಯಲ್ಲಿ ಬರೆಯಲು ಕಾಲಮ್ಮೇ ಇಲ್ಲ. 2024ರ ಸರಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಹಿಂದಿನ ಸಾಲಿನ ಅಣ್ಣಂದಿರು ಚಹಾ ಕಡೆ ನೋಡುತ್ತಿದ್ದಾರೆ. ಇನ್ನೈದು ನಿಮಿಷ ತಡೆಯಿರಿ.

ಫೆಬ್ರವರಿಯ ಮೊದಲ ಭಾನುವಾರ ಮನೆಯಲ್ಲಿ ಈ ಲೆಕ್ಕ ಓದಿದೆ. ಜಗಳ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಯವರು, "ನಾನೇನು ರೊಟ್ಟಿ ಬೇಕೇ ಬೇಕು ಅಂದಿದ್ದೆನಾ?" ಎಂದರು. ಅದು ನಿಜ. ಅತ್ತೆಯವರಿಗೆ ಬೇಜಾರಾಯಿತು, ರೊಟ್ಟಿ ಶುರು ಮಾಡಿಸಿದ್ದು ತಾನು ಎಂದು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತೆಯವರೇ ಮಗನ ಕಡೆ ತಿರುಗಿ, "ನಿಮ್ಮಪ್ಪ ಊರಾಗ ಹೊಲಕ್ಕ ಹೋಗೂಮುಂದ ಬುತ್ತಿ ತಾನೇ ಕಟ್ಕೊಂಡು ಹೋಗ್ತಿದ್ದ. ನೀ ಸೊಪ್ಪು ಸೋಸಿದ್ರ ಕೈ ಸವೀತಾವೇನು?" ಎಂದರು. ನಾನು ಹೇಳಿದ್ದರೆ ಅದೇ ಮಾತು ಚುಚ್ಚುಮಾತಾಗುತ್ತಿತ್ತು.

ಈಗ ಹೀಗಿದೆ. ಶನಿವಾರ ದಾದರ್ ಮಾರ್ಕೆಟ್ಟಿಗೆ ಮನೆಯವರು ಹೋಗುತ್ತಾರೆ. ಅದು ಅವರ ವಾಕಿಂಗೂ ಆಯಿತು. ಮೊದಮೊದಲು ಬಲಿತ ಬೆಂಡೆಕಾಯಿ, ಹೂವಾದ ಮೆಂತ್ಯ ಎಲ್ಲ ತಂದರು. ಈಗ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾರೆ. ರಾತ್ರಿ ಟಿವಿ ಮುಂದೆ ಕುಳಿತು ಸೊಪ್ಪು ಬಿಡಿಸುವುದು ಅವರದೇ. ಕಾಳು ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟುವುದು ಮಗನ ಕೆಲಸ. ವಾರದಲ್ಲಿ ಎರಡು ಸಲ ಮರೆಯುತ್ತಾನೆ. ಮರೆತ ದಿನ ಬೇಳೆ ಸಾರು, ಅಷ್ಟೇ. ರೊಟ್ಟಿ ವಾರಕ್ಕೆ ಎರಡು ದಿನ ಆ ಕಲಬುರಗಿ ಅಕ್ಕನಿಂದ ಬರುತ್ತದೆ, ಎರಡು ದಿನ ನಾನು ಬಡಿಯುತ್ತೇನೆ, ಉಳಿದ ದಿನ ರಾಗಿ ಅಥವಾ ಅಳತೆಯ ಕುಚ್ಚಲಕ್ಕಿ ಅನ್ನ. ಪೇರಳೆ ನಾಲ್ಕು, ಮೊಟ್ಟೆ ನಾಲ್ಕು. ಊಟಕ್ಕೆ ನಾಲ್ವರೂ ಒಟ್ಟಿಗೆ ಕೂರುತ್ತೇವೆ. ಚಹಾ ಊಟಕ್ಕಿಂತ ದೂರ ಹೋಯಿತು, ಆ ಜಾಗಕ್ಕೆ ಲಿಂಬೆ, ನೆಲ್ಲಿಕಾಯಿ ಬಂತು. ಕಬ್ಬಿಣದ ಮಾತ್ರೆಯನ್ನೂ ತೆಗೆದುಕೊಂಡೆ, ಸೊಪ್ಪು ಒಂದರಿಂದಲೇ 9.1 ಏರುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಮೊನ್ನೆಯ ತಪಾಸಣೆಯಲ್ಲಿ 11.8.

ಖರ್ಚು? ನನ್ನ ಪಾಲಿನ ಹಣ್ಣು, ಮೊಟ್ಟೆ ಸೇರಿ 650 ಹೆಚ್ಚಾಯಿತು. ಕೊಂಡ ರೊಟ್ಟಿಗೆ 1,080. ಒಟ್ಟು 17,030. ಹಳೆಯ 18,200ರ ಎದುರು ಈಗ ಉಳಿಯುವುದು 1,170 ರೂಪಾಯಿ ಮಾತ್ರ. 2,900ರ ಚೌಕವನ್ನು ಹಾಗೇ ಬಿಟ್ಟಿದ್ದೇನೆ, ಪಕ್ಕದಲ್ಲಿ 9.1 ಎಂದು ಬರೆದಿದ್ದೇನೆ.

ಈ ವರ್ಷದ ಡೈರಿಯಲ್ಲಿ ಒಂದು ಕಾಲಮ್ ಹೊಸದಾಗಿ ಎಳೆದಿದ್ದೇನೆ. ಮೇಲೆ 'ಯಾರು ಮಾಡಿದ್ದು' ಎಂದು ಬರೆದಿದೆ. ಮಗ ಅದರಲ್ಲಿ ತನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಾನೆ. ಅತ್ತೆಯವರಿಗೆ ಕಣ್ಣು ಮಂಜು, ಅವರ ಹಿಂಡಿಯನ್ನು ನಾನು ಬರೆಯುತ್ತೇನೆ.

ಆ ಹಿಂಡಿಯನ್ನೇ ಇವತ್ತು ತಂದಿದ್ದೇನೆ, ಚಹಾದ ಮೇಜಿನ ಪಕ್ಕ ಸ್ಟೀಲಿನ ಡಬ್ಬಿಯಲ್ಲಿದೆ. ರೊಟ್ಟಿ ಆ ಅಕ್ಕನದು, ಇಪ್ಪತ್ತೈದು ಇದೆ, ಮುರಿದು ಹಂಚಿಕೊಳ್ಳಬೇಕು. ಅವರ ಫೋನ್ ನಂಬರು ಬೇಕಾದವರು ನನ್ನ ಹತ್ತಿರ ಕೇಳಿ. ಡಬ್ಬಿ ಮಾತ್ರ ಅತ್ತೆಯವರದು, ತಿರುಗಿ ಕೊಡಿ.